ಪಾಳಣಾಘರದ ನೀರಿನ ಹೊಣೆ ಯಾರದು?

ದುಡಿಯಲು ಹೋಗುವ ತಾಯಿ ತನ್ನ ಮಗುವನ್ನು ಹಗಲೆಲ್ಲ ಬಿಟ್ಟುಹೋಗುವ ಮನೆಗೆ ಮುಂಬಯಿಯಲ್ಲಿ ‘ಪಾಳಣಾಘರ’ ಎಂಬ ಮರಾಠಿ ಹೆಸರಿದೆ. ಧಾರಾವಿಯ ಓಣಿಗಳಲ್ಲಿ ಅದು ಬಹುಮಟ್ಟಿಗೆ ಒಂದೇ ಕೋಣೆ. ಅಲ್ಲಿಯೇ ಒಲೆ, ಅಲ್ಲಿಯೇ ನೀರಿನ ಡ್ರಮ್ಮು, ಅಲ್ಲಿಯೇ ಐದಾರು ಮಕ್ಕಳ ಊಟ, ನಿದ್ದೆ. ನೀರು ಕೆಟ್ಟಿತೆಂದರೆ ಅಷ್ಟೂ ಮನೆಗಳ ಮಕ್ಕಳು ಒಟ್ಟಿಗೆ ಹಾಸಿಗೆ ಹಿಡಿಯುತ್ತಾರೆ, ತಾಯಂದಿರ ದಿನಗೂಲಿ ನಿಲ್ಲುತ್ತದೆ. ದೂರು ಮಾತ್ರ ಮಕ್ಕಳನ್ನು ನೋಡಿಕೊಳ್ಳುವ ಆ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಅವಳ ಮನೆಯಲ್ಲಿ ಮಕ್ಕಳಿಗೆ ಭೇದಿಯಾಯಿತಂತೆ ಎಂಬ ಒಂದು ಮಾತು ಓಣಿಯಲ್ಲಿ ಹರಡಿದರೆ ಸಾಕು, ಅವಳ ಸಂಪಾದನೆ ಮುಗಿದಂತೆ.

ಆ ದೂರು ತಲುಪಬೇಕಾದುದು ಬೇರೆ ಬಾಗಿಲಿಗೆ. ಏಳು ಜಲಾಶಯಗಳಿಂದ ಬರುವ ಮುಂಬಯಿಯ ನೀರಿನ ಬಹುಪಾಲು ಭಾಂಡೂಪ್ ಮತ್ತು ಪಾಂಜರಾಪುರದಲ್ಲಿ ಶುದ್ಧವಾಗಿಯೇ ಹೊರಡುತ್ತದೆ. ಅದು ಕೆಡುವುದು ಕೊನೆಯ ಕೆಲವು ಮಾರುಗಳಲ್ಲಿ. ಇಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ, ಉಳಿದ ಹೊತ್ತು ಕೊಳವೆ ಬರಿದು. ಗಟಾರದೊಳಗೇ ಹಾಯ್ದ ಕೊಳವೆಯಲ್ಲಿ ಒತ್ತಡ ಇಳಿದೊಡನೆ ಸುತ್ತಲಿನ ಹೊಲಸು ಬಿರುಕುಗಳಿಂದ ಒಳಗೆ ಇಳಿಯುತ್ತದೆ. ನೀರು ಸಾಲದೆಂದು ಕೊಳವೆಗೆ ಮೋಟಾರು ಹಚ್ಚಿ ಎಳೆದರೆ ಆ ಹೊಲಸನ್ನೂ ಎಳೆದಂತೆಯೇ. ಬಳಿಕ ನೀರು ಡ್ರಮ್ಮಿನಲ್ಲಿ ದಿನವಿಡೀ ನಿಲ್ಲುತ್ತದೆ. ಮಕ್ಕಳ ಪುಟ್ಟ ಕೈಗಳು ಲೋಟ ಹಿಡಿದು ಅದರೊಳಗೇ ಇಳಿಯುತ್ತವೆ.

ಶ್ರಾವಕರ ಮನೆಗಳಿಗೆ ನೀರಿನ ಎಚ್ಚರ ಹೊಸದಲ್ಲ. ಇಮ್ಮಡಿಸಿದ ಬಟ್ಟೆಯಲ್ಲಿ ಗಾಳಿಸುವುದು, ಗಾಳಿಸಿದ ನೀರಿಗೂ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಮಿತಿಯನ್ನು ಕಾಣುವುದು ಸಣ್ಣ ವಿವೇಕವಲ್ಲ. ಬಾಂಗ್ಲಾದೇಶದ ಮತ್ಲಬ್ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕಿಳಿಯಿತೆಂದು ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ 2003ರಲ್ಲಿ ಪ್ರಕಟಿಸಿತು. ಆದರೆ ಅದು ಕೆರೆ ಹೊಳೆಗಳ ನೀರು. ಅಲ್ಲಿ ಕಾಲರಾದ ರೋಗಾಣು ಸೂಕ್ಷ್ಮ ಜಲಜೀವಿಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕಿಬೀಳುತ್ತದೆ. ಗಟಾರ ಬೆರೆತ ನಳದ ನೀರಿನಲ್ಲಿ ಬಿಡಿಯಾಗಿ ತೇಲುವ ರೋಗಾಣುಗಳು ಯಾವ ಬಟ್ಟೆಗೂ ಸಿಗುವುದಿಲ್ಲ. ಧಾರಾವಿಯಲ್ಲಿ ಗಾಳಿಸುವುದು ಮೊದಲ ಹೆಜ್ಜೆ ಮಾತ್ರ. ಕಾಯಿಸಲೇಬೇಕು, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಆರು ತಿಂಗಳೊಳಗಿನ ಕೂಸಿಗೆ. ತಾಯಿಯ ಹಾಲೊಂದೇ ಸಾಕಾದ, ಹನಿ ನೀರೂ ಬೇಡವಾದ ವಯಸ್ಸದು. ತಾಯಿ ಬೆಳಗ್ಗೆಯೇ ಕೆಲಸಕ್ಕೆ ಹೊರಟಾಗ ಡಬ್ಬಿಯ ಹಾಲಿನ ಪುಡಿ ಬರುತ್ತದೆ, ಪುಡಿಯ ಜೊತೆಗೆ ನೀರು ಬರುತ್ತದೆ. ಪುಡಿಯೂ ರೋಗಾಣುಮುಕ್ತವಲ್ಲ, ಕಾಯಿಸಿದ ನೀರು 70 ಡಿಗ್ರಿಗಿಂತ ತಣಿಯುವ ಮೊದಲೇ ಪುಡಿಯನ್ನು ಬೆರೆಸಿ, ಅನಂತರ ಆರಿಸಿ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗ್ಗೆ ಕಾಯಿಸಿ ಆರಿಸಿಟ್ಟ ನೀರಿನಲ್ಲಿ ಮಧ್ಯಾಹ್ನ ಕಲಸುವುದು ಸರಿಯಲ್ಲ ಎಂದಾಯಿತು. ಅಂದರೆ ಪ್ರತಿ ಸಲವೂ ಒಲೆ ಹೊತ್ತಿಸಬೇಕು, ಸೀಸೆಯನ್ನೂ ಕುದಿಸಬೇಕು. ಅದೂ ನಾಲ್ಕು ಮಕ್ಕಳು ತೆವಳಾಡುವ ಕೋಣೆಯಲ್ಲಿ.

‘ಕಾಯಿಸಿ ಕುಡಿಯಿರಿ’ ಎಂಬ ಉಪದೇಶ ಪುಕ್ಕಟೆ, ಕಾಯಿಸುವುದು ಪುಕ್ಕಟೆಯಲ್ಲ. ದಿನಕ್ಕೆ 10 ಲೀಟರ್ ನೀರನ್ನು ಕುದಿಸುವ ಮನೆಗೆ ತಿಂಗಳಿಗೆ ಸುಮಾರು 3 ಕಿಲೋ ಅನಿಲ ಬೇಕು, 14.2 ಕಿಲೋ ಸಿಲಿಂಡರಿನ ಐದನೆಯ ಒಂದು ಪಾಲು. ನಗರಸಭೆಯ ಕೊಳವೆಯ ದೋಷಕ್ಕೆ ಅತ್ಯಂತ ಕಡಿಮೆ ಸಂಪಾದಿಸುವವಳು ತೆರುವ ತೆರಿಗೆ ಇದು. ಉಳ್ಳವರು ದಾನವಾಗಿ ಕೊಡಲು ಇಷ್ಟಪಡುವ ಆರ್‌ಓ ಯಂತ್ರವೂ ಇಲ್ಲಿಗೆ ಹೊಂದುವುದಿಲ್ಲ. ಮುಂಬಯಿಯ ಜಲಾಶಯಗಳ ನೀರಿನಲ್ಲಿ ಲವಣಾಂಶ ಮೊದಲೇ ಕಡಿಮೆ. ಅಳೆದು ಹಿಡಿದಿಟ್ಟ ನೀರಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಆ ಯಂತ್ರ ಚರಂಡಿಗೆ ಬಿಡುತ್ತದೆ.

ಸರ್ಕಾರಕ್ಕೆ ಇದು ತಿಳಿಯದ ವಿಷಯವಲ್ಲ. 1975ರಲ್ಲಿ ದೇಶದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗಳಲ್ಲಿ ಒಂದು ಆರಂಭವಾದುದು ಇದೇ ಧಾರಾವಿಯಲ್ಲಿ. ಆದರೆ ಅಂಗನವಾಡಿ ತೆರೆದಿರುವುದು ಕೆಲವೇ ಗಂಟೆ, ತಾಯಿಯ ದುಡಿಮೆ ದಿನವಿಡೀ. 2022ರಲ್ಲಿ ಕೇಂದ್ರವು ಶಿಶುವಿಹಾರ ಯೋಜನೆಗೆ ‘ಪಾಲನಾ’ ಎಂದು ಹೊಸ ಹೆಸರಿಟ್ಟು ಅಂಗನವಾಡಿಗಳಿಗೇ ಶಿಶುವಿಹಾರವನ್ನು ಜೋಡಿಸಹೊರಟಿತು. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವಳು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ನೀರಿನ ಹಕ್ಕಿನ ಕಥೆಯೂ ಹೀಗೆಯೇ. ‘ಪಾನೀ ಹಕ್ ಸಮಿತಿ’ಯ ಅರ್ಜಿಯ ಮೇಲೆ 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ನೀರು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೂ, 2000ದ ಜನವರಿ 1ರ ಬಳಿಕ ಎದ್ದ ಗುಡಿಸಲೆಂಬ ಕಾರಣಕ್ಕೆ ಅದನ್ನು ಪೂರ್ತಿಯಾಗಿ ನಿರಾಕರಿಸಲಾಗದೆಂದೂ ಹೇಳಿತು. ಅದೇ ದಿನಾಂಕ ಈಗ ಇನ್ನೊಂದು ವೇಷದಲ್ಲಿ ಮರಳಿದೆ. ರಾಜ್ಯ ಸರ್ಕಾರ ಮತ್ತು ಅದಾನಿ ಸಮೂಹದ ಜಂಟಿ ಕಂಪನಿ ನಡೆಸುತ್ತಿರುವ ಪುನರಭಿವೃದ್ಧಿಯಲ್ಲಿ ಧಾರಾವಿಯೊಳಗೇ ಉಚಿತ ಮನೆ ಸಿಗುವುದು 2000ದ ಜನವರಿ 1ಕ್ಕೆ ಮೊದಲಿನ ನೆಲಮಹಡಿಯ ವಾಸಿಗಳಿಗೆ. ಮೇಲಂತಸ್ತಿನವರಿಗೆ ಧಾರಾವಿಯ ಹೊರಗೆ ಬಾಡಿಗೆಯ ವ್ಯವಸ್ಥೆ. ಏಣಿ ಹತ್ತಿ ಹೋಗುವ ಕೋಣೆಯಲ್ಲಿ ಪಾಳಣಾಘರ ನಡೆಸುವವಳು ಹೊರಗೆ ಹೋದರೆ, ಅವಳನ್ನು ನಂಬಿ ದುಡಿಯುವ ತಾಯಂದಿರ ಗತಿ ಯಾವ ನಕ್ಷೆಯಲ್ಲೂ ಇಲ್ಲ. ಹೇಗೂ ಒಡೆಯುವ ಓಣಿಗೆ ಹೊಸ ಕೊಳವೆ ಏಕೆ ಎಂಬ ವಾದ ಆಡಳಿತಕ್ಕೆ ಸುಲಭ. ಕಟ್ಟಡ ಏಳಲು ವರ್ಷಗಳು ಬೇಕು. ಕೂಸಿಗೆ ಭೇದಿ ಈ ಮಳೆಗಾಲದಲ್ಲೇ ಆಗುತ್ತದೆ.

ಅರವಟ್ಟಿಗೆ ಇಡುವುದನ್ನು ಪುಣ್ಯವೆಂದು ಬಗೆದ ಸಮಾಜ ಇಲ್ಲಿ ಮಾಡಬಹುದಾದ ಕೆಲಸ ಕಣ್ಣಿಗೆ ಬೀಳುವಂತಹುದಲ್ಲ. ಅದರ ಮೇಲೆ ಹೆಸರು ಕೆತ್ತಿಸಲು ಅಮೃತಶಿಲೆಯೂ ಸಿಗದು. ಒಂದು ಪಾಳಣಾಘರಕ್ಕೆ ತಿಂಗಳ ಆ 3 ಕಿಲೋ ಅನಿಲದ ಬೆಲೆ, ನಲ್ಲಿ ಇರುವ ಮುಚ್ಚಳದ ಪಾತ್ರೆಯೊಂದು, ಸಾಬೂನು, ಓಆರ್‌ಎಸ್ ಮತ್ತು ಸತುವಿನ ಮಾತ್ರೆ, ಇಷ್ಟನ್ನು ವರ್ಷವಿಡೀ ತಪ್ಪದೆ ಕೊಡುವುದು. ಇದರ ಜೊತೆಗೆ ನೀರಿನ ಪರೀಕ್ಷೆ. ಗ್ವಾಲಿಯರಿನ ರಕ್ಷಣಾ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ಸಣ್ಣ ಬಾಟಲಿಯ ಪರೀಕ್ಷೆ ಅಗ್ಗದ್ದು. ನೀರು ತುಂಬಿಟ್ಟರೆ, ಮಲದ ಸೋಂಕು ಇದ್ದಲ್ಲಿ ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಜೂನ್‌ಗೆ ಮೊದಲು ಓಣಿ ಓಣಿಯ ನಳದ ನೀರನ್ನು ಹೀಗೆ ಹಿಡಿದಿಟ್ಟು, ಕಪ್ಪಾದ ಬಾಟಲಿಗಳನ್ನು ಓಣಿಯ ಹೆಸರು ಬರೆದು, ಧಾರಾವಿಯ ಆಡಳಿತ ನೋಡುವ ಜಿ-ಉತ್ತರ ವಾರ್ಡಿನ ಕಚೇರಿಯ ಮೇಜಿನ ಮೇಲೆ ಇಡಬೇಕು. ಇಟ್ಟುದಕ್ಕೆ ಸಹಿ ಮಾಡಿದ ಸ್ವೀಕೃತಿಯನ್ನೂ ಕೇಳಿ ಪಡೆಯಬೇಕು.