ತಗ್ಗಿನ ಕೇರಿ ನಕ್ಷೆಯಲ್ಲಿದೆಯಾ?



ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯಿಂದ ಬಂದು ಹಾಸನದ ಹಾಸ್ಟೆಲ್ಲುಗಳಲ್ಲಿ ಓದುವ ನಮಗೆ ಬೇಲೂರಿನ ಗುಡಿ 1117ರದು ಅಂತ ಬಾಯಿಪಾಠ. ನಮ್ಮ ಜಿಲ್ಲೆಯ ನೆಲದಡಿ ಹರಿಯೋ ಎಣ್ಣೆಯ ಲೆಕ್ಕ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ 360 ಕಿಲೋಮೀಟರಿಗೂ ಉದ್ದದ ಪೈಪು 2003ರಿಂದ ಪೆಟ್ರೋಲು, ಡೀಸೆಲ್ಲು ಸಾಗಿಸುತ್ತಿದೆ. ಹಾಸನದಲ್ಲಿ ಅದನ್ನು ಟ್ಯಾಂಕುಗಳಿಗೆ ಇಳಿಸುತ್ತಾರೆ.

ಇಂಥ ಟ್ಯಾಂಕುಗಳಿಗೆ 'ಅಪಾಯದ ಅಂದಾಜು' ಅಂತ ಒಂದು ಕಡತ ಮಾಡ್ತಾರೆ. ಏನು ಕೆಡಬಹುದು, ಎಷ್ಟು ವರ್ಷಕ್ಕೊಮ್ಮೆ ಕೆಡಬಹುದು, ಕೆಟ್ಟರೆ ಎಷ್ಟು ದೂರ ಸುಡುತ್ತೆ ಅಂತ ಪಟ್ಟಿ ಮಾಡಿ, ಗುಣಿಸಿ, ನಕ್ಷೆಯ ಮೇಲೆ ಕೈವಾರದಲ್ಲಿ ಸುತ್ತು ಎಳೀತಾರೆ. ಗುಣಾಕಾರ ಸರಿಯಾಗೇ ಇರುತ್ತೆ. ತಪ್ಪೋದು ಪಟ್ಟಿಯಲ್ಲಿ.

2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋದಲ್ಲಿ ಮಟ್ಟ ತೋರಿಸೋ ಗೇಜು ಕಚ್ಚಿಕೊಂಡು ನಿಂತಿತು. ಅದಕ್ಕೆ ಕಾವಲಾಗಿದ್ದ ಸ್ವಿಚ್ಚೂ ಕೈಕೊಟ್ಟಿತು. ಟ್ಯಾಂಕಿನ ತಲೆಯಿಂದ ಪೆಟ್ರೋಲು ಸುರಿದು, ಆವಿಯಾಗಿ ಹರಡಿ ಸಿಡಿಯಿತು. ಡಿಪೋಗಳ ಪಟ್ಟಿಯಲ್ಲಿ ಅಲ್ಲಿಯವರೆಗೆ ಇದ್ದ ದೊಡ್ಡ ಗಂಡಾಂತರ ಅಂದರೆ ಟ್ಯಾಂಕಿನ ಸುತ್ತಲ ಕಟ್ಟೆಯೊಳಗಿನ ಬೆಂಕಿ. ಇದು ಪಟ್ಟಿಯಲ್ಲೇ ಇರಲಿಲ್ಲ. ನಾಲ್ಕು ವರ್ಷ ಕಳೆಯೋದರೊಳಗೆ, 2009ರ ಅಕ್ಟೋಬರ್ 29ರಂದು, ನಮ್ಮ ದೇಶದ ಜೈಪುರದಲ್ಲೇ ಹಾಗಾಯಿತು. ಒಂದು ಗಂಟೆಗೂ ಮಿಕ್ಕಿ ಪೆಟ್ರೋಲು ಚಿಮ್ಮಿತು. ನಿಲ್ಲಿಸಲು ಹೋದವರು ಆವಿ ಕುಡಿದು ಬಿದ್ದರು. ದೂರದ ಕೋಣೆಯಿಂದ ವಾಲ್ವ್ ಮುಚ್ಚೋ ಏರ್ಪಾಡು ಕೆಟ್ಟು ವರ್ಷಗಳಾಗಿದ್ದವು. ಹತ್ತಕ್ಕೂ ಹೆಚ್ಚು ಜನ ಸತ್ತರು.

ವಾಲ್ವ್ ಕೆಟ್ಟರೆ ಅದನ್ನು ತಿರುಗಿಸೋ ಕೈಗೆ ಮೊದಲು ಗೊತ್ತಾಗುತ್ತೆ. ಕಡತ ಬರೆಯೋ ಸಾಹೇಬರು ಆ ಕೈಯನ್ನು ಕೇಳಬೇಕು. ಟ್ಯಾಂಕು ಬರಿದು ಮಾಡಿ ತಳದ ರಾಡಿ ಬಳಿಯಲು ಒಳಗಿಳಿಯೋ ಗುತ್ತಿಗೆ ಕೂಲಿಯನ್ನೂ ಕೇಳಬೇಕು. ಮ್ಯಾನ್‌ಹೋಲಿಗೆ ಇಳಿದವರ ಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನೊಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಗಾಳಿ ಬೀಸದ ರಾತ್ರಿ ಅದು ನೀರಿನ ಹಾಗೆ ತಗ್ಗು ಹುಡುಕಿ ಹರಿಯುತ್ತೆ. ಕೈವಾರಕ್ಕೆ ತಗ್ಗು ದಿಣ್ಣೆ ಗೊತ್ತಿಲ್ಲ. ತಗ್ಗಿನಲ್ಲಿ ಇರೋರು ಯಾರು? ಎಷ್ಟೋ ಊರಲ್ಲಿ ನಮ್ಮ ಕೇರಿ ಇರೋದೇ ಊರಿನ ಬಚ್ಚಲ ನೀರು ಹರಿದು ಬರೋ ಕಡೆ.

ದೊಡ್ಡ ದಾಸ್ತಾನು ಇಟ್ಟವರು ಅಪಾಯ ಏನು, ಆದಾಗ ಏನು ಮಾಡಬೇಕು ಅಂತ ಸುತ್ತಲಿನ ಜನಕ್ಕೆ ಮೊದಲೇ ತಿಳಿಸಬೇಕು ಅಂತ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮವೇ ಹೇಳುತ್ತೆ. ಬೇಲಿಯ ಹೊರಗಿನವರನ್ನು ಉಳಿಸೋ ಯೋಜನೆ ಜಿಲ್ಲಾಡಳಿತದ ಹೊಣೆ. ನಿಮಗೆ ಯಾರಾದರೂ ತಿಳಿಸಿದರಾ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಎರಡು ಸಲ ಟೀ ಬಿಟ್ಟರೆ ಆಯಿತು. ಯೋಜನೆಯ ನಕಲು ಕೇಳೋಣ, ಕನ್ನಡದಲ್ಲೇ ಕೇಳೋಣ. ಕಡೇ ಸಲ ಅಣಕು ಕಾರ್ಯಾಚರಣೆ ಮಾಡಿದಾಗ ಯಾವ ಕೇರಿಯವರನ್ನು ಕರೆದಿದ್ದಿರಿ ಅಂತಲೂ ಕೇಳೋಣ.

ಪೈಪು ಹಾದ, ಟ್ಯಾಂಕು ನಿಂತ ಕಡೆ ಮನೆ ಇರೋರು, ನೆಂಟರಿರೋರು ಮುಂದಿನ ಸಭೆಗೆ ಬರುವಾಗ ಕೇರಿಯ ನಕ್ಷೆ ಬರೆದು ತನ್ನಿ. ತಗ್ಗು ಯಾವ ಕಡೆ, ಓಡೋ ದಾರಿ ಯಾವುದು, ಗುರುತು ಹಾಕಿರಿ.