ಲೇಬಲ್ ನೋಡಿ ಮರುಳಾದ ಕಥೆ

ಈ ಕಡೆ ಬರದೆ ಎರಡು ತಿಂಗಳಾಯ್ತು. "ಎಲ್ಲಿ ಮಾಯವಾದ್ರಿ?" ಅಂತ ಕೇಳಿದವರಿಗೆಲ್ಲ ಉತ್ತರ ಇದು: ಒಂದು ಪುಟ್ಟ ಟ್ಯೂಬಿನ ಹಿಂದೆ ಬಿದ್ದಿದ್ದೆ :)

ಟ್ಯೂಬಿನಲ್ಲಿದ್ದದ್ದು ಆಂಟಿಬಾಡಿ. ನೂರು ಮೈಕ್ರೋಲೀಟರ್, ಅಂದ್ರೆ ಎರಡು ಹನಿ. ಬೆಲೆ ಮಾತ್ರ ನನ್ನ ಒಂದು ತಿಂಗಳ ಫೆಲೋಶಿಪ್‌ನಷ್ಟು! ನಮ್ಮ ಕೆಲವು ಬಿಳಿ ರಕ್ತಕಣಗಳ ಮೇಲೆ ಸಿಸಿಆರ್5 ಅನ್ನೋ ಪ್ರೋಟೀನ್ ಇರುತ್ತೆ. ಉರಿಯೂತ ಆದ ಕಡೆಯಿಂದ ಬರೋ ಕೀಮೋಕೈನ್ ಅಣುಗಳನ್ನ ಹಿಡಿದು, ಕಣ ಆ ಕಡೆಗೆ ಹೋಗೋ ಹಾಗೆ ಮಾಡೋದು ಅದರ ಕೆಲಸ. ಎಚ್‌ಐವಿ ಕೂಡ ಒಳಗೆ ನುಗ್ಗೋಕೆ ಇದನ್ನೇ ಬಳಸುತ್ತೆ ಅಂತ 1996ರಲ್ಲಿ ಗೊತ್ತಾಯ್ತು. ಅದು ಎಲ್ಲಿದೆ, ಎಷ್ಟಿದೆ ಅಂತ ತೋರಿಸೋಕೆ ನಾನು ತರಿಸಿದ್ದು ಈ ಆಂಟಿಬಾಡಿ.

ವೆಸ್ಟರ್ನ್ ಬ್ಲಾಟ್ ಮಾಡಿದೆ. 40 ಕಿಲೋಡಾಲ್ಟನ್ ಹತ್ತಿರ, ಇರಬೇಕಾದ ಜಾಗದಲ್ಲೇ, ಚೆಂದದ ಬ್ಯಾಂಡ್. ಖುಷಿಗೆ ಎಲ್ಲರಿಗೂ ಕಾಫಿ ಕೊಡಿಸಿದೆ. ಒಂದಷ್ಟು ವಾರ ಅದನ್ನೇ ನಂಬಿ ಮುಂದಿನ ಪ್ರಯೋಗಗಳೂ ಆದವು. ಆಮೇಲೆ ಸೀನಿಯರ್ ಒಬ್ಬರು ಕೇಳಿದ್ರು, "ಸಿಸಿಆರ್5 ಇಲ್ಲದ ಕೋಶದಲ್ಲಿ ನೋಡಿದ್ಯೇನೋ?" ನೋಡಿರಲಿಲ್ಲ. ಎಚ್‌ಇಕೆ293 ಕೋಶ ಹಾಕಿ ನೋಡಿದ್ರೆ... ಅಲ್ಲೂ ಅದೇ ಬ್ಯಾಂಡ್! ಅಷ್ಟೇ ತೂಕದ ಇನ್ಯಾವುದೋ ಪ್ರೋಟೀನಿಗೆ ಅಂಟ್ಕೊಂಡಿತ್ತು. ಎರಡು ತಿಂಗಳ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಕಂಪನಿಯನ್ನ ಬೈಯೋದು ಸುಲಭ. ಆದ್ರೆ ಅವರ ಡೇಟಾಶೀಟಿನಲ್ಲಿ ನೆಗೆಟಿವ್ ಕಂಟ್ರೋಲ್ ಚಿತ್ರವೇ ಇರಲಿಲ್ಲ. ಅದನ್ನ ಗಮನಿಸದೆ ಆರ್ಡರ್ ಮಾಡಿದ್ದು ನಾನೇ ತಾನೆ?

ಸಿಸಿಆರ್5 ಹಿಡಿಯೋದೂ ಸುಲಭ ಅಲ್ಲ ಬಿಡಿ. ಕೋಶದ ಪೊರೆಯನ್ನ ಏಳು ಸಲ ಹಾಯೋ ಪ್ರೋಟೀನ್ ಅದು. ಸ್ಯಾಂಪಲ್ ಕುದಿಸಿದ್ರೆ ಗಂಟುಗಂಟಾಗಬಹುದು. ಅದರ ಸಹಜ ಆಕಾರವನ್ನ ಗುರುತಿಸೋ ಆಂಟಿಬಾಡಿ ಫ್ಲೋ ಸೈಟೋಮೆಟ್ರಿಯಲ್ಲಿ ಸೊಗಸಾಗಿ ಕೆಲಸ ಮಾಡಿ, ಬ್ಲಾಟ್‌ನಲ್ಲಿ ಕೈಕೊಡಬಹುದು. ಒಂದು ಪರೀಕ್ಷೆಯಲ್ಲಿ ಪಾಸಾದದ್ದು ಇನ್ನೊಂದರಲ್ಲೂ ಪಾಸಾಗುತ್ತೆ ಅನ್ನೋ ಹಾಗಿಲ್ಲ.

ಇದು ನನ್ನೊಬ್ಬನ ಗೋಳಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 65 ಪ್ರೋಟೀನುಗಳಿಗೆ ಮಾರಾಟವಾಗೋ 614 ಆಂಟಿಬಾಡಿಗಳನ್ನ, ಆ ಪ್ರೋಟೀನ್ ತೆಗೆದುಹಾಕಿದ ಕೋಶಗಳನ್ನೂ ಇಟ್ಟುಕೊಂಡು ಪರೀಕ್ಷೆ ಮಾಡಿದ್ರು. ಒಂದೊಂದು ಪ್ರೋಟೀನಿಗೂ ಸರಾಸರಿ 12 ಪ್ರಬಂಧಗಳು ಗುರಿಯನ್ನೇ ಗುರುತಿಸದ ಆಂಟಿಬಾಡಿ ಬಳಸಿದ್ದವು! ಫಲಿತಾಂಶ ನೋಡಿ ಕಂಪನಿಗಳು ಕೆಲವನ್ನ ಮಾರಾಟದಿಂದಲೇ ತೆಗೆದವು. ಕೇಳಿದ್ರೆ ಬದಲಾಗ್ತಾರೆ ಅಂತಾಯ್ತಲ್ಲ.

ಅದಕ್ಕೇ ನನ್ನ ಮಾತು ಇಷ್ಟು. ಪ್ರೋಟೀನ್ ಇಲ್ಲದ ಕೋಶವನ್ನ ಪಕ್ಕದಲ್ಲಿ ತೋರಿಸದ ಬ್ಲಾಟನ್ನ ಗೈಡೂ ಒಪ್ಪಬಾರದು, ಜರ್ನಲ್ಲೂ ಒಪ್ಪಬಾರದು. ಪ್ರಬಂಧದಲ್ಲಿ ಕ್ಯಾಟಲಾಗ್ ನಂಬರ್, ಕ್ಲೋನ್ ಹೆಸರು ಇರಲೇಬೇಕು. ಕೈಕೊಟ್ಟ ಆಂಟಿಬಾಡಿಯ ವಿಷಯ ನಾವು ಮುಚ್ಚಿಟ್ರೆ, ಇನ್ನೊಂದು ಲ್ಯಾಬಿನ ಹುಡುಗಿ ನಾಳೆ ಅದೇ ಟ್ಯೂಬ್ ತರಿಸ್ತಾಳೆ. "ಅಷ್ಟೆಲ್ಲ ಕಂಟ್ರೋಲ್‌ಗೆ ದುಡ್ಡೆಲ್ಲಿದೆ?" ಅಂತೀರಾ? ನನ್ನ ಎರಡು ತಿಂಗಳ ಲೆಕ್ಕ ಕೊಡ್ತೀನಿ, ನೀವೇ ಕೂಡಿ ಕಳೆದು ನೋಡಿ.

ಲ್ಯಾಬಿನಲ್ಲಿರೋ ಬ್ಲಾಗಿಗರೇ, ನಿಮಗೂ ಹೀಗಾಗಿದ್ಯಾ? ಹೇಳಿ. ನಾನಂತೂ ಆ ಕಾಫಿ ದುಡ್ಡು ವಾಪಸ್ ಕೇಳೋಣ ಅಂತಿದೀನಿ :)