ಉಷ್ಣವಲ್ಲ ಸ್ವಾಮಿ, ಸೋಂಕು

ಮೂತ್ರ ಮಾಡುವಾಗ ಉರಿ, ಒಳಉಡುಪಿನಲ್ಲಿ ಕೀವಿನ ಕಲೆ. ಇಷ್ಟಾದರೆ ನಮ್ಮ ಗಂಡಸರು ಮೊದಲು ಹೋಗುವುದು ಎಳನೀರಿನ ಗಾಡಿಯ ಹತ್ತಿರ. ‘ಉಷ್ಣ ಆಗಿದೆ, ಬಿಸಿಲಲ್ಲಿ ಬೈಕ್ ಓಡಿಸಿದ್ದು ಜಾಸ್ತಿಯಾಯ್ತು.’ ಎರಡು ಎಳನೀರು, ರಾತ್ರಿ ಬಾರ್ಲಿ ನೀರು, ಬೆಳಿಗ್ಗೆ ಮಜ್ಜಿಗೆಗೆ ಮೆಂತ್ಯದ ಪುಡಿ. ಅದಕ್ಕೂ ಜಗ್ಗದಿದ್ದರೆ ಗುರುತಿನವರಿಲ್ಲದ ಬಡಾವಣೆಯ ಮೆಡಿಕಲ್ ಶಾಪ್. ಕೌಂಟರಿನಲ್ಲಿ ಹೆಂಗಸರಿಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ, ‘ಅಣ್ಣ, ಉರಿಮೂತ್ರಕ್ಕೆ ಒಂದು ಒಳ್ಳೆ ಮಾತ್ರೆ ಕೊಡಿ.’ ಅವನು ಶೀಟಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕುತ್ತಾನೆ. ಯಾವ ಮಾತ್ರೆ ಎಂದು ಇವರು ಕೇಳುವುದಿಲ್ಲ, ಏನು ರೋಗ ಎಂದು ಅವನು ಕೇಳುವುದಿಲ್ಲ. ಎರಡು ದಿನಕ್ಕೆ ಉರಿ ನಿಂತಿತೋ, ಅಲ್ಲಿಗೆ ಎಲ್ಲ ಮುಗಿಯಿತು. ಮನೆಯಲ್ಲಿ ಹೆಂಡತಿಗೆ ಒಂದು ಮಾತಿಲ್ಲ.

ಉರಿಮೂತ್ರವೆಲ್ಲ ಲೈಂಗಿಕ ಸೋಂಕಲ್ಲ, ಒಪ್ಪಿದೆ. ಆದರೆ ಕೀವು ಕಂಡರೆ ಅದು ಗೊನೊರಿಯಾ ಇಲ್ಲವೇ ಕ್ಲಮೈಡಿಯಾ ಇರಬಹುದು, ನೋವಿಲ್ಲದ ಹುಣ್ಣು ಕಂಡರೆ ಸಿಫಿಲಿಸ್ ಇರಬಹುದು. ಮೂರೂ ಬ್ಯಾಕ್ಟೀರಿಯಾದಿಂದ ಬರುವಂಥವು, ಮೂರೂ ಸರಿಯಾದ ಔಷಧಕ್ಕೆ ಪೂರ್ತಿ ವಾಸಿಯಾಗುವಂಥವು. ವಾಸಿಯಾದ ಮೇಲೆ ಮತ್ತೆ ತಗುಲದಂತೆ ಕಾಯುವ ರೋಗನಿರೋಧಕ ಶಕ್ತಿಯನ್ನು ಮಾತ್ರ ಇವು ಉಳಿಸಿಹೋಗುವುದಿಲ್ಲ. ಹಾಗಾಗಿ ಇಬ್ಬರಲ್ಲಿ ಒಬ್ಬರೇ ಗುಟ್ಟಾಗಿ ಮಾತ್ರೆ ನುಂಗಿದರೆ, ಇನ್ನೊಬ್ಬರಿಂದ ಅದೇ ಸೋಂಕು ತಿಂಗಳೊಪ್ಪತ್ತಿನಲ್ಲಿ ವಾಪಸ್ ಬರಬಹುದು. ಆಗ ಮತ್ತೆ ಎಳನೀರು, ಮತ್ತೆ ನಾಲ್ಕು ಮಾತ್ರೆ. ಇಂಥ ಅರೆಬರೆ ಮಾತ್ರೆಗಳ ಫಲವೂ ಕಣ್ಣೆದುರಿಗಿದೆ. ಗೊನೊರಿಯಾದ ಮುಂದೆ ಸಲ್ಫಾ ಸೋತಿತು, ಪೆನಿಸಿಲಿನ್ ಸೋತಿತು, ಟೆಟ್ರಾಸೈಕ್ಲಿನ್ ಸೋತಿತು, ಸಿಪ್ರೊಫ್ಲಾಕ್ಸಾಸಿನ್ ಕೂಡ ಸೋತಿತು.

ಗಂಡಸಿಗೆ ಉರಿಯಾಗಿ ಕಾಣುವ ರೋಗ ಹೆಂಗಸಿನಲ್ಲಿ ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ಸ್ವಲ್ಪ ಬಿಳಿಸೆರಗು, ಸೊಂಟನೋವು. ಅದನ್ನೂ ಆಕೆ ‘ಉಷ್ಣ’ದ ಲೆಕ್ಕಕ್ಕೇ ಹಾಕಿ ಸುಮ್ಮನಾಗುತ್ತಾಳೆ. ಸೋಂಕು ಗರ್ಭಕೋಶ ದಾಟಿ ಅಂಡನಾಳಕ್ಕೆ ಏರಿ, ನಾಳ ಗಾಯಗೊಂಡು ಮುಚ್ಚಿಹೋಗಬಹುದು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲ ಎಂದಾಗ ಅತ್ತೆಗೆ ನೆನಪಾಗುವುದು ಸರ್ಪದೋಷ, ಗಂಡನಿಗೆ ನೆನಪಾಗುವುದು ಹೆಂಡತಿಯ ಜಾತಕ. ಆಶ್ಲೇಷಾ ಬಲಿಗೆ ಕುಕ್ಕೆಗೆ ಹೋಗಿ ಬರಲಿ, ಬೇಡವೆನ್ನುವುದಿಲ್ಲ. ಆದರೆ ಆ ನಾಲ್ಕು ಮಾತ್ರೆಯ ಕವರನ್ನೂ ಒಮ್ಮೆ ನೆನಪು ಮಾಡಿಕೊಳ್ಳಬೇಕಲ್ಲ?

ಸಿಫಿಲಿಸ್ ಇನ್ನೂ ಕಪಟಿ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಹುಣ್ಣು ಏಳುತ್ತದೆ. ನೋವಿಲ್ಲ, ತುರಿಕೆಯಿಲ್ಲ. ಏನೂ ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯುತ್ತದೆ. ಹಚ್ಚಿದ ಮುಲಾಮಿಗೆ, ಕಟ್ಟಿದ ಹರಕೆಗೆ, ತಿಂಗಳಿಗೊಮ್ಮೆ ಲಾಡ್ಜಿಗೆ ಬಂದಿಳಿಯುವ ‘ಗುಪ್ತರೋಗ ತಜ್ಞ’ನ ಚೂರ್ಣಕ್ಕೆ ಕೀರ್ತಿ ಬರುವುದು ಹೀಗೆ. ಹುಣ್ಣು ಹೋಯಿತು, ರೋಗ ಹೋಗಲಿಲ್ಲ. ಕೆಲವು ವಾರ ಬಿಟ್ಟು ಅಂಗೈ, ಅಂಗಾಲಲ್ಲೂ ಏಳುವ ಗಂಧೆಯಂಥ ಕಲೆಗಳು ಅದೇ ರೋಗದ ಮುಂದಿನ ಹೆಜ್ಜೆ. ಅವೂ ತಾವಾಗಿ ಮರೆಯಾಗುತ್ತವೆ. ಆಮೇಲೆ ವರ್ಷಗಟ್ಟಲೆ ಮೌನ. ಮಾತಾಡುವುದು ರಕ್ತಪರೀಕ್ಷೆ ಮಾತ್ರ.

ಆ ರಕ್ತಪರೀಕ್ಷೆ ನಮ್ಮಲ್ಲಿ ಯಾರಿಗೆ ಆಗುತ್ತದೆ ನೋಡಿ. ತಿಂಗಳ 9ನೇ ತಾರೀಕು, ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯ ದಿನ. ಬೆಂಚಿನ ತುಂಬ ತಾಯಿ ಕಾರ್ಡ್ ಹಿಡಿದು ಕುಳಿತವರು. ಹಿಮೋಗ್ಲೋಬಿನ್, ಎಚ್‌ಐವಿ ಪರೀಕ್ಷೆಗಳ ಜೊತೆ ಸಿಫಿಲಿಸ್‌ಗೂ ರಕ್ತ ತೆಗೆಯುತ್ತಾರೆ. ಒಬ್ಬಳದು ಪಾಸಿಟಿವ್ ಬರುತ್ತದೆ. ‘ಯಜಮಾನ್ರನ್ನ ಕರ್ಕೊಂಡು ಬಾಮ್ಮ’ ಎನ್ನುತ್ತಾರೆ ಸಿಸ್ಟರ್. ‘ಅವ್ರಿಗೆ ಡ್ಯೂಟಿ ಇದೆ ಮೇಡಂ.’ ಮುಂದಿನ ವಾರವೂ ಡ್ಯೂಟಿ. ಬಂದವನು ಬಾಗಿಲಲ್ಲೇ ನಿಂತು ಕೇಳುವುದು ಒಂದೇ ಪ್ರಶ್ನೆ: ‘ಇವ್ಳಿಗೆ ಎಲ್ಲಿಂದ ಬಂತು?’ ಮನೆಗೆ ಹೋದಮೇಲೆ ಅದೇ ಪ್ರಶ್ನೆಯನ್ನು ಅತ್ತೆ ಕೇಳುತ್ತಾಳೆ, ನಾದಿನಿ ಕೇಳುತ್ತಾಳೆ. ತೀರ್ಪು ತವರುಮನೆಯ ಬಸ್ಸು.

ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ? ಆಕೆ ಮೊದಲು ಸಿಕ್ಕಿಬಿದ್ದದ್ದು ರೋಗವನ್ನು ಮೊದಲು ತಂದಳೆಂದಲ್ಲ. ಇಡೀ ಮನೆಯಲ್ಲಿ ರಕ್ತ ಕೊಟ್ಟವಳು ಆಕೆಯೊಬ್ಬಳೇ. ಸೂಜಿಯೇ ತಾಗದ ಗಂಡ ಶುದ್ಧ, ಪರೀಕ್ಷೆಗೆ ತೋಳು ಒಡ್ಡಿದ ಹೆಂಡತಿ ಅಪರಾಧಿ! ಸಿಫಿಲಿಸ್‌ಗೆ ಮಾಡುವ ವಿಡಿಆರ್‌ಎಲ್ ರಕ್ತಪರೀಕ್ಷೆ ಬೇರೆ ಕಾರಣಕ್ಕೂ ಪಾಸಿಟಿವ್ ಬರಬಹುದು. ಅದಕ್ಕೇ ಟಿಪಿಎಚ್‌ಎಯಂಥ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಖಚಿತವಾದರೂ ಸೋಂಕು ಯಾರಿಂದ ಯಾರಿಗೆ ಹೋಯಿತೆಂದು ಯಾವ ಲ್ಯಾಬ್ ರಿಪೋರ್ಟೂ ಹೇಳುವುದಿಲ್ಲ. ನೀವು ಪಂಚಾಯ್ತಿ ನಡೆಸುತ್ತಿರುವಾಗ ಹೊಟ್ಟೆಯೊಳಗಿನ ಮಗು ಕಾಯುತ್ತಾ ಕೂರುವುದಿಲ್ಲ. ಚಿಕಿತ್ಸೆಯಿಲ್ಲದ ಸಿಫಿಲಿಸ್‌ನಿಂದ ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟಿದ ಮೇಲೆ ಸಾಯಬಹುದು, ಬದುಕಿದರೆ ಕಿವಿ, ಕಣ್ಣು, ಮೂಳೆಗೆ ಪೆಟ್ಟಾಗಬಹುದು.

ಮತ್ತೆ ಚಿಕಿತ್ಸೆಯಾದರೂ ಏನು ಮಹಾ? ಆರಂಭದ ಹಂತವಾದರೆ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಒಂದೇ ಸಲ, ಸೊಂಟಕ್ಕೆ. ಹಳೆಯ ಸೋಂಕಾದರೆ ವಾರಕ್ಕೊಂದರಂತೆ ಮೂರು. ನೋಯುತ್ತದೆ, ನಿಜ; ದಪ್ಪ ಔಷಧ. 1943ರಲ್ಲಿ ಅಮೆರಿಕದ ಜಾನ್ ಮಹೋನಿ ಪೆನಿಸಿಲಿನ್ನಿನಿಂದ ಸಿಫಿಲಿಸ್ ವಾಸಿಮಾಡಿ ತೋರಿಸಿದ ಮೇಲೆ ಇಂದಿನವರೆಗೂ ಆ ಔಷಧಕ್ಕೆ ಈ ರೋಗಾಣು ಪ್ರತಿರೋಧ ಬೆಳೆಸಿಕೊಂಡಿಲ್ಲ. ಬಸುರಿಗೆ ಹೆರಿಗೆಗೆ ಕನಿಷ್ಠ 30 ದಿನ ಮೊದಲು ಇಂಜೆಕ್ಷನ್ ಬಿದ್ದಿರಬೇಕು. ನಮ್ಮ ನೆರೆಯ ಶ್ರೀಲಂಕಾ ತಾಯಿಯಿಂದ ಮಗುವಿಗೆ ಸಿಫಿಲಿಸ್ ಹರಡುವುದನ್ನು ನಿವಾರಿಸಿದ್ದಕ್ಕೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಅವರ ಹತ್ತಿರವೂ ಇದ್ದದ್ದು ಇದೇ ಪರೀಕ್ಷೆ, ಇದೇ ಇಂಜೆಕ್ಷನ್.

‘ಇದೆಲ್ಲ ಲಾರಿ ಡ್ರೈವರುಗಳ, ಅಂಥ ಹೆಂಗಸರ ರೋಗ’ ಎಂದು ಮೂಗು ಮುರಿಯುವ ಸಭ್ಯಸ್ಥರಿಗೆ ಒಂದು ಮಾತು. ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಲೈಂಗಿಕ ಕಾರ್ಯಕರ್ತೆಯರಿಗೆ ಮೂರು ತಿಂಗಳಿಗೊಮ್ಮೆ ತಪಾಸಣೆ, ಆರು ತಿಂಗಳಿಗೊಮ್ಮೆ ಸಿಫಿಲಿಸ್ ಪರೀಕ್ಷೆ ನಡೆಯುವ ವ್ಯವಸ್ಥೆಯಿದೆ. ಮೈಸೂರಿನಲ್ಲಿ ಅವರೇ ಕಟ್ಟಿಕೊಂಡ ಆಶೋದಯ ಸಮಿತಿಯಿದೆ. ಕಂಪನಿಯ ಖರ್ಚಿನಲ್ಲಿ ಬ್ಯಾಂಕಾಕ್ ನೋಡಿ ಬಂದ ಮ್ಯಾನೇಜರ್ ಸಾಹೇಬರು ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ? ಸಕ್ಕರೆ, ಕೊಲೆಸ್ಟರಾಲ್ ಬಿಡಿ, ನಾನು ಕೇಳುತ್ತಿರುವುದು ಇದನ್ನು.

ವೈದ್ಯರೂ ಪುಣ್ಯಾತ್ಮರೇನಲ್ಲ. ಗಂಡನಿಗೆ ಇಂಜೆಕ್ಷನ್ ಕೊಟ್ಟು, ‘ಮನೆಯವರಿಗೂ ತೋರಿಸಿ’ ಎಂದು ಅರೆಮನಸ್ಸಿನಿಂದ ಅಂದು ಬೆಲ್ ಒತ್ತಿದರೆ ಕರ್ತವ್ಯ ಮುಗಿಯಿತೆ? ಕಳೆದ 90 ದಿನಗಳಲ್ಲಿ ರೋಗಿಯ ಸಂಗದಲ್ಲಿದ್ದವರಿಗೆ, ಪರೀಕ್ಷೆ ನೆಗೆಟಿವ್ ಬಂದಿದ್ದರೂ, ಸಿಫಿಲಿಸ್‌ಗೆ ಚಿಕಿತ್ಸೆ ಕೊಡಬೇಕೆಂಬುದು ಪುಸ್ತಕದಲ್ಲಿ ಓದಿದ್ದೇ ಅಲ್ಲವೆ?

ಕಾನೂನೂ ಕಣ್ಣುಮುಚ್ಚಿ ಕೂತಿಲ್ಲ. ಇತರರಿಗೆ ಹರಡಬಲ್ಲ ಲೈಂಗಿಕ ರೋಗ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಒಂದು ಕಾರಣ. ಪ್ರಾಣಕ್ಕೆ ಅಪಾಯ ತರುವ ರೋಗವನ್ನು ಬೇಜವಾಬ್ದಾರಿಯಿಂದ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು. ಆದರೆ ಕೋರ್ಟು ಕಚೇರಿಯ ತನಕ ಹೋಗುವ ಹೆಂಗಸರೆಷ್ಟು ಜನ? ಅದು ಗೊತ್ತಿರುವುದರಿಂದಲೇ ಈ ಧೈರ್ಯ.

ಜಿಲ್ಲಾ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಬೋರ್ಡಿರುವ ಕೋಣೆ ಹುಡುಕಿ. ಕೀವು ಸೋರುತ್ತಿದ್ದರೆ ಔಷಧಗಳ ಬೂದು ಬಣ್ಣದ ಕಿಟ್, ಹುಣ್ಣಿದ್ದರೆ ಬಿಳಿ, ದುಡ್ಡು ಕೇಳುವುದಿಲ್ಲ. ಹೋಗಲು ಅಳುಕಾದರೆ 1097ಕ್ಕೆ ಫೋನ್ ಮಾಡಿ, ಅದೂ ಉಚಿತ. ಆದರೆ ಅದಕ್ಕೂ ಮುಂಚೆ, ಇವತ್ತು ರಾತ್ರಿಯೇ, ಟಿವಿ ಆರಿಸಿ ಹೆಂಡತಿಯ ಎದುರು ಕುಳಿತು ಹೇಳಿ: ‘ನನಗೆ ಸೋಂಕಾಗಿದೆ, ನಿನಗೂ ಬಂದಿರಬಹುದು, ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗೋಣ.’ ಆಕೆ ಬೈಯುತ್ತಾಳೆ, ಅಳುತ್ತಾಳೆ, ಹಾಸಿಗೆ ಬೇರೆ ಹಾಕುತ್ತಾಳೆ. ಹಾಕಲಿ, ಇಬ್ಬರ ಚಿಕಿತ್ಸೆಯೂ ಮುಗಿದು ಏಳು ದಿನ ಕಳೆಯುವ ತನಕ ಹೇಗೂ ದೂರವೇ ಇರಬೇಕು, ಹುಣ್ಣಿದ್ದರೆ ಅದು ಪೂರ್ತಿ ಮಾಯುವ ತನಕ. ಸಿಫಿಲಿಸ್ ಆದರೆ ಆರು ತಿಂಗಳಿಗೆ ಮತ್ತೊಮ್ಮೆ ರಕ್ತ ಕೊಡಬೇಕು. ಆ ಚೀಟಿಯನ್ನು ಎಲ್ಲಿ ಬಚ್ಚಿಡಲಿ ಎಂದು ಕಪಾಟು ತಡಕಬೇಡಿ, ಆಕೆಯ ಕೈಗೇ ಕೊಡಿ.